ಮುಗೋ ಪೈನ್: ಬೇರು ಮೊದಲೋ, ಕೊಂಬೆ ಮೊದಲೋ? ಹತ್ತು ವರ್ಷದ ಕ್ರಮ ಬೇಕು

ಸೂಜಿಎಲೆ (ಪ್ರಶ್ನೆ)

ಬೋನ್ಸಾಯ್ ಮಾಡಬೇಕೆಂದಿರುವುದು ನರ್ಸರಿ ಕುಂಡದಲ್ಲಿ ಬೆಳೆದ ಮೌಂಟನ್ ಪೈನ್, ಅಂದರೆ ಪೈನಸ್ ಮುಗೋ. ಬುಡದಲ್ಲಿ ಕಾಂಡ 5 ಸೆಂ.ಮೀ. ದಪ್ಪ, ಎತ್ತರ ಸುಮಾರು 60 ಸೆಂ.ಮೀ. ಮೂರು ಕಡೆ ಒಂದೇ ಗಿಣ್ಣಿನಿಂದ ಐದಾರು ಕೊಂಬೆ ಸುತ್ತಲೂ ಹೊರಟಿವೆ. ಸೂಜಿಯೆಲ್ಲ ತುದಿಯಲ್ಲಿ, ಒಳಗೆ ಬಹುತೇಕ ಬೋಳು. ಮಣ್ಣು ಹಳೆಯ ಪೀಟ್ (ಜೌಗಿನ ಗಿಡಗಳು ಅರೆಕೊಳೆತು ಆದದ್ದು), ನೀರು ಹಾಕಿದರೆ ಸ್ವಲ್ಪ ಹೊತ್ತು ಮೇಲೇ ನಿಲ್ಲುತ್ತದೆ. ಗುರಿ 30-35 ಸೆಂ.ಮೀ. ಎತ್ತರದ, ಒಂದು ಪಕ್ಕಕ್ಕೆ ವಾಲಿದ ಮರ.

ಕೇಳಬೇಕಾದ್ದು ಮೂರು. ಕುಂಡ ಬದಲಾಯಿಸುವುದು, ಕೊಂಬೆ ಕತ್ತರಿಸುವುದು ಎರಡನ್ನೂ ಒಂದೇ ವಸಂತದಲ್ಲಿ ಮುಗಿಸಬಹುದೇ? ಜಪಾನೀ ಬ್ಲ್ಯಾಕ್ ಪೈನ್‌ಗೆ ಮಾಡುವಂತೆ ಬೇಸಿಗೆಯಲ್ಲಿ ಕ್ಯಾಂಡಲ್‌ಗಳನ್ನು (ಸೂಜಿ ಬಿಚ್ಚುವ ಮೊದಲು ಮೇಣದಬತ್ತಿಯಂತೆ ಕಾಣುವ ಹೊಸ ಚಿಗುರು) ಬುಡದಿಂದಲೇ ತೆಗೆಯಬಹುದೇ? ತಂತಿ ಕಟ್ಟುವುದು ಯಾವ ವರ್ಷದಿಂದ?

ಒಣಕೊಂಬೆ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ಹೆಚ್ಚಿನ ಮುಗೋಗಳು ಸೊರಗುವುದು ಅಲ್ಲೇ. ಬೇಡ. ಬ್ಲ್ಯಾಕ್ ಪೈನ್‌ಗೆ ಒಂದೇ ವರ್ಷದಲ್ಲಿ ಎರಡು ಸಲ ಚಿಗುರುವ ಶಕ್ತಿ ಇದೆ. ಮೊದಲ ಚಿಗುರು ತೆಗೆದರೆ ಅದೇ ಬೇಸಿಗೆಯಲ್ಲಿ ಇನ್ನೊಂದು ಬರುತ್ತದೆ, ಸೂಜಿ ಗಿಡ್ಡವಾಗುತ್ತದೆ. ಮುಗೋ ಚಿಗುರುವುದು ವರ್ಷಕ್ಕೊಮ್ಮೆ. ಕ್ಯಾಂಡಲ್‌ಗಳನ್ನು ಪೂರ್ತಿ ಕಿತ್ತರೆ ಆ ವರ್ಷದ ಸೂಜಿಗಳೇ ಹೋದಂತೆ. ಸಿಗುವುದು ಸಣ್ಣ, ದುರ್ಬಲ ಮೊಗ್ಗುಗಳು ಮಾತ್ರ, ಅವು ಬಿಚ್ಚಿಕೊಳ್ಳುವುದು ಮುಂದಿನ ವಸಂತಕ್ಕೆ. ಎರಡು ಮೂರು ವರ್ಷ ಹೀಗೇ ಮಾಡಿದರೆ ಕೊಂಬೆಗಳು ಒಂದೊಂದಾಗಿ ಒಣಗುತ್ತವೆ. ಹೇಗೂ ಮುಗೋ ಸೂಜಿ ಸಾಮಾನ್ಯವಾಗಿ 3ರಿಂದ 7 ಸೆಂ.ಮೀ., ಮರ ಪಕ್ವವಾದಂತೆ ಇನ್ನೂ ಗಿಡ್ಡವಾಗುತ್ತದೆ. ಸೂಜಿ ಗಿಡ್ಡ ಮಾಡುವ ಆತುರ ಈ ಜಾತಿಗೆ ಬೇಕಿಲ್ಲ.

ಮಾಡಬಹುದಾದ್ದು ಎರಡು. ವಸಂತದಲ್ಲಿ ಕ್ಯಾಂಡಲ್ ಉದ್ದವಾಗಿ, ಸೂಜಿ ಇನ್ನೂ ಬಿಚ್ಚದೆ ಇರುವಾಗ, ಬಲವಾದವುಗಳನ್ನು ಮಾತ್ರ ಬೆರಳಲ್ಲಿ ಅರ್ಧಕ್ಕೆ ಮುರಿಯಿರಿ. ದುರ್ಬಲವಾದವನ್ನು ಮುಟ್ಟಬೇಡಿ. ಅಥವಾ ಹೊಸ ಸೂಜಿ ಪೂರ್ತಿ ಬಲಿತ ಮೇಲೆ, ನಡುಬೇಸಿಗೆ ದಾಟಿದಾಗ, ಆ ವರ್ಷದ ಚಿಗುರಿನಲ್ಲಿ ಆರೆಂಟು ಜೋಡಿ ಸೂಜಿ ಉಳಿಸಿ ಮೇಲಿನದನ್ನು ಕತ್ತರಿಸಿ. ಉಳಿದ ಜೋಡಿಗಳ ಸಂದಿನಲ್ಲಿ ಶರತ್ಕಾಲದ ಹೊತ್ತಿಗೆ ಮೊಗ್ಗು ಕಟ್ಟುತ್ತದೆ. ಒಳಭಾಗ ಬೋಳಾಗಿರುವ ನಿಮ್ಮ ಗಿಡಕ್ಕೆ ಈ ಎರಡನೆಯ ದಾರಿಯೇ ಸರಿ. ಆದರೆ ಅದು ಬೇರಿನ ಕೆಲಸವಾಗಿ, ಗಿಡ ಚೇತರಿಸಿಕೊಂಡ ನಂತರ.

ನೆನಪಿಡಿ: ಹಿಂಚಿಗುರು, ಅಂದರೆ ತುದಿಯಿಂದ ಹಿಂದೆ ಹಳೆ ಕೊಂಬೆಯಲ್ಲಿ ಬರುವ ಹೊಸ ಚಿಗುರು, ಬರುವುದು ಸೂಜಿ ಜೀವಂತವಾಗಿರುವ ಕಡೆ. ಸೂಜಿ ಪೂರ್ತಿ ಉದುರಿದ ಹಳೆ ತೊಗಟೆಯಲ್ಲಿ ಮೊಗ್ಗು ಬರುತ್ತದೆಂದು ಕಾಯುವುದು ನಷ್ಟದ ಬಾಬತ್ತು. ಆದ್ದರಿಂದ ಒಳಗಿರುವ ನಾಲ್ಕಾರು ಹಳೆ ಸೂಜಿಗಳನ್ನು ಚೊಕ್ಕ ಮಾಡುವ ನೆಪದಲ್ಲಿ ಕೀಳಬೇಡಿ, ಈಗ ಅವೇ ನಿಮ್ಮ ಬಂಡವಾಳ.

ಬೇರುಬುಡ

ಮೊದಲ ಪ್ರಶ್ನೆಗೆ: ಒಂದು ವರ್ಷಕ್ಕೆ ಒಂದೇ ದೊಡ್ಡ ಕೆಲಸ. ನೀರು ಮೇಲೆ ನಿಲ್ಲುತ್ತಿದೆ ಎಂದರೆ ಬೇರಿಗೆ ಗಾಳಿ ಸಾಲುತ್ತಿಲ್ಲ, ಹಾಗಾಗಿ ಬೇರು ಮೊದಲು. ಆ ವರ್ಷ ಕೊಂಬೆ ಕತ್ತರಿಸಬೇಡಿ. ಸೂಜಿ ಹೆಚ್ಚಿದ್ದಷ್ಟೂ ಬೇರು ಬೇಗ ಬರುತ್ತದೆ.

ಸಮಯ: ವಸಂತದ ಆರಂಭ, ಮೊಗ್ಗು ಉಬ್ಬಲು ಶುರುವಾದಾಗ. ಬೇಸಿಗೆಯ ಕೊನೆಯಲ್ಲಿ, ಹೊಸ ಸೂಜಿ ಬಲಿತ ಮೇಲೆ ಮಾಡುವವರೂ ಇದ್ದಾರೆ. ಮುಗೋ ಅದನ್ನೂ ತಾಳುತ್ತದೆ, ಆದರೆ ಹಿಮ ಬೀಳುವ ಮೊದಲು ಕೆಲವು ಬೆಚ್ಚಗಿನ ವಾರಗಳು ಉಳಿದಿರಬೇಕು. ಮೊದಲ ಬಾರಿಗೆ ವಸಂತವೇ ಕ್ಷೇಮ.

ವಿಧಾನ: ಬೇರಿನ ಗಡ್ಡೆಯನ್ನು ಮೇಲಿಂದ ನೋಡಿ, ಕಾಂಡದ ಮೂಲಕ ಒಂದು ಗೆರೆ ಎಳೆದಂತೆ ಎರಡು ಪಾಲು ಮಾಡಿಕೊಳ್ಳಿ. ಒಂದು ಪಾಲಿನಲ್ಲಿ ಕೊಕ್ಕೆ ಮತ್ತು ಕಡ್ಡಿಯಿಂದ ಹಳೆ ಪೀಟನ್ನು ಕಾಂಡದ ತನಕ ಪೂರ್ತಿ ತೆಗೆಯಿರಿ. ಕೆಳಮುಖದ ದಪ್ಪ ಬೇರು, ಕುಂಡದ ಗೋಡೆಗುಂಟ ಸುತ್ತಿದ ಬೇರು ಕತ್ತರಿಸಿ, ಪಕ್ಕಕ್ಕೆ ಹರಡಿದ ಸಣ್ಣ ಬೇರುಗಳನ್ನು ಬಿಡಿಸಿ ಹಾಸಿ. ಇನ್ನೊಂದು ಪಾಲನ್ನು ಹಾಗೇ ಬಿಡಿ, ತಳ ಮಾತ್ರ ಸಮ ಮಾಡಿ. ಆ ಪಾಲಿನ ಸರದಿ ಎರಡು ಮೂರು ವರ್ಷ ಬಿಟ್ಟು. ಇಡೀ ಗಡ್ಡೆಯನ್ನು ಒಮ್ಮೆಗೇ ತೊಳೆದು ಬತ್ತಲೆ ಮಾಡಿದರೆ ಪೈನ್ ಸಾಯುವ ಸಂಭವ ಹೆಚ್ಚು. ಬೇರಿಗೆ ಅಂಟಿದ ಬಿಳಿ ಎಳೆಗಳು ರೋಗವಲ್ಲ, ಮೈಕೊರೈಜಾ, ಬೇರಿಗೆ ನೆರವಾಗುವ ಶಿಲೀಂಧ್ರ. ಸ್ವಲ್ಪ ಹಳೆ ಮಣ್ಣಿನ ಜೊತೆ ಉಳಿಯಲಿ.

ಮಿಶ್ರಣಕ್ಕೆ ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಅಕಡಾಮಾ (ಜಪಾನಿನ ಜೇಡಿ ಕಾಳು) ಸಮ ಪ್ರಮಾಣ, ಕಾಳಿನ ಗಾತ್ರ 3-6 ಮಿ.ಮೀ. ಪುಡಿಯನ್ನು ಜರಡಿ ಹಿಡಿದು ಎಸೆಯಲೇಬೇಕು, ಅದು ಕೆಳಗಿಳಿದು ರಂಧ್ರ ಮುಚ್ಚುತ್ತದೆ. ಮುಗೋ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ಮೇಲೂ ಆಮ್ಲೀಯ ಜೌಗಿನಲ್ಲೂ ಬೆಳೆಯುವ ಗಿಡ, ಪಿಎಚ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೀರು ಬಸಿಯುವುದೇ ಮುಖ್ಯ. ತೆಳು ಬೋನ್ಸಾಯ್ ಕುಂಡ ಈಗ ಬೇಡ, ತಳದಲ್ಲಿ ಜಾಲರಿ ಇರುವ ಮರದ ಪೆಟ್ಟಿಗೆ ಸಾಕು. ಗಡ್ಡೆಯನ್ನು ತಂತಿಯಿಂದ ಬಿಗಿದು ಕಟ್ಟಿ. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ನಾಲ್ಕರಿಂದ ಆರು ವಾರ ಗೊಬ್ಬರ ಬೇಡ.

ಒಂದು ಎಚ್ಚರಿಕೆ. ಅರ್ಧ ಹೊಸ ಮಣ್ಣು, ಅರ್ಧ ಪೀಟ್ ಇರುವಾಗ ನೀರು ಹೊಸ ಮಣ್ಣಿನ ಮೂಲಕ ಜಾರಿಹೋಗಿ ಪೀಟಿನ ಒಡಲು ಒಣಗಿಯೇ ಉಳಿಯಬಹುದು. ಮೇಲೆ ಒದ್ದೆ ಕಂಡರೂ ಗಿಡ ಬಾಡುವುದಕ್ಕೆ ಇದೇ ಕಾರಣ. ಹಳೆ ಪಾಲಿನಲ್ಲಿ ಕಡ್ಡಿಯಿಂದ ಹತ್ತಾರು ತೂತು ಮಾಡಿ, ಹೊಸ ಕಾಳು ತುಂಬಿ, ನಿಧಾನಕ್ಕೆ ಎರಡು ಸುತ್ತು ನೀರು ಕೊಡಿ.

ಸೂಜಿಎಲೆ

ಸ್ಪಷ್ಟವಾಯಿತು. ಹಾಗಾದರೆ ಆ ಐದಾರು ಕೊಂಬೆಯ ಗಿಣ್ಣುಗಳು? ಅವನ್ನು ಹಾಗೇ ಬಿಟ್ಟರೆ ಅಲ್ಲಿ ಕಾಂಡ ಊದುವುದಿಲ್ಲವೇ?

ಒಣಕೊಂಬೆ

ಊದುತ್ತದೆ. ಗಿಣ್ಣಿನ ಮೇಲಿನ ಕಾಂಡ ಕೆಳಗಿನದಕ್ಕಿಂತ ದಪ್ಪವಾಗಿ ಕಂಡರೆ ಆ ದೋಷ ಮುಂದೆ ಸರಿಹೋಗುವುದು ಕಷ್ಟ. ಆದ್ದರಿಂದ ಇದನ್ನು ಹತ್ತು ವರ್ಷ ಮುಂದೂಡುವಂತಿಲ್ಲ, ಆದರೆ ಒಂದೇ ದಿನ ಮುಗಿಸುವಂತೆಯೂ ಇಲ್ಲ. ಬೇರಿನ ಕೆಲಸದ ಮರುವರ್ಷ ಶರತ್ಕಾಲದಲ್ಲಿ, ಗಿಡ ಚೆನ್ನಾಗಿ ಚಿಗುರಿದ್ದರೆ, ಪ್ರತಿ ಗಿಣ್ಣಿನಿಂದ ಅತಿ ದಪ್ಪದ ಒಂದೊಂದು ಕೊಂಬೆ ತೆಗೆಯಿರಿ. ಒಟ್ಟು ಸೂಜಿಯ ಮೂರನೇ ಒಂದು ಭಾಗ ಮೀರಬಾರದು. ಮುಂದಿನ ಎರಡು ವರ್ಷಗಳಲ್ಲಿ ಉಳಿದವನ್ನು ಇಳಿಸುತ್ತಾ ಗಿಣ್ಣಿಗೆ ಎರಡೇ ಉಳಿಯಲಿ, ಒಂದು ಮುಂದುವರಿಯುವ ಕಾಂಡ, ಇನ್ನೊಂದು ಬಾಗಿನ ಹೊರಮಗ್ಗುಲಿನ ಕೊಂಬೆ. ಬಾಗಿನ ಒಳಗಡೆಯದು ನೋಡಲೂ ಚೆನ್ನಲ್ಲ, ಬಿಸಿಲೂ ಸಿಗುವುದಿಲ್ಲ.

ಕತ್ತರಿಸುವಾಗ ಕಾಂಡಕ್ಕೆ ಸಮವಾಗಿ ಬೋಳಿಸಬೇಡಿ, 2-3 ಸೆಂ.ಮೀ. ಮೋಟು ಬಿಡಿ. ರಸ ಹಿಂದೆ ಸರಿದು ಮೋಟು ಒಣಗಿದ ಮೇಲೆ ಅದನ್ನು ಜಿನ್ (ತೊಗಟೆ ಸುಲಿದು ಉಳಿಸಿದ ಒಣ ಮೋಟು) ಮಾಡುವುದೋ, ಕೊರೆದು ತೆಗೆಯುವುದೋ ತೀರ್ಮಾನಿಸಬಹುದು. 60ರಿಂದ 35 ಸೆಂ.ಮೀ.ಗೆ ಇಳಿಸುವಾಗಲೂ ತುದಿಯನ್ನು ಒಮ್ಮೆಗೇ ಕತ್ತರಿಸಬೇಡಿ. ಹೊಸ ತುದಿಯಾಗುವ ಕೊಂಬೆ ಬಲಿಯುವ ತನಕ ಹಳೆಯದು ರಸ ಎಳೆಯುತ್ತಿರಲಿ, ಅದರಲ್ಲಿ ಕೊನೆಯ ಗೊಂಚಲು ಮಾತ್ರ ಉಳಿದರೆ ಸಾಕು.

ಕೆಲವು ಗಿಡ್ಡ ತಳಿಗಳನ್ನು ಬೇರೆ ಪೈನ್ ಬುಡಕ್ಕೆ ಕಸಿ ಕಟ್ಟಿರುತ್ತಾರೆ. ಬುಡದ ಹತ್ತಿರ ತೊಗಟೆಯ ಬಣ್ಣ, ಒರಟುತನ ಥಟ್ಟನೆ ಬದಲಾಗಿದೆಯೇ ನೋಡಿ. ಕಸಿ ಗುರುತು ಎತ್ತರದಲ್ಲಿದ್ದರೆ ಅದು ಎಂದಿಗೂ ಕಾಣುತ್ತದೆ. ವಾಲುವ ದಿಕ್ಕನ್ನು ಅದು ಹಿಂದಕ್ಕೆ ಬರುವಂತೆ ಆರಿಸಿಕೊಳ್ಳಿ.

ತಾಮ್ರತಂತಿ

ತಂತಿಯ ಪ್ರಶ್ನೆ ಉಳಿದಿದೆ. ಮೂರನೇ ವರ್ಷದ ಶರತ್ಕಾಲದಿಂದ ಶುರು ಮಾಡಿ. ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಕಟ್ಟಬಹುದು. ಆಗ ಮೊಗ್ಗು ಗಟ್ಟಿ, ಮುರಿಯುವುದು ಕಡಿಮೆ.

ತಂತಿಯ ದಪ್ಪ ಕೊಂಬೆಯ ಮೂರನೇ ಒಂದು ಭಾಗ. ಕಾಯಿಸಿ ಮೆದು ಮಾಡಿದ ತಾಮ್ರ ಪೈನ್‌ಗೆ ಉತ್ತಮ. ಅಲ್ಯೂಮಿನಿಯಂ ಆದರೆ ಇನ್ನೂ ದಪ್ಪದ್ದು ಬೇಕು. ಸುತ್ತು 45-55 ಡಿಗ್ರಿ ಓರೆಯಲ್ಲಿ, ಸೂಜಿ ಸಿಕ್ಕಿಹಾಕಿಕೊಳ್ಳದಂತೆ. ಮುಗೋ ಮರ ಬಾಗುವುದರಲ್ಲಿ ಬಹಳ ಒಳ್ಳೆಯದು. ಹಿಮದ ಭಾರಕ್ಕೆ ನೆಲಕ್ಕೊರಗಿ ಬೆಳೆಯುವ ಜಾತಿ. ಆದರೂ 1.5 ಸೆಂ.ಮೀ. ಮೀರಿದ ಕೊಂಬೆಗೆ ಮೊದಲು ನೆನೆಸಿದ ರಾಫಿಯಾ (ತಾಳೆ ಜಾತಿಯ ಎಲೆಯ ನಾರು) ಸುತ್ತಿ, ಬಾಗನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಹಂತದಲ್ಲಿ ಕೊಡಿ. ಚಟ್ ಎಂದು ಸದ್ದಾದರೆ ಅಲ್ಲಿಗೇ ನಿಲ್ಲಿಸಿ ಗಾಯದ ಪೇಸ್ಟ್ ಹಚ್ಚಿ. ಅರ್ಧ ತೊಗಟೆ ಉಳಿದಿದ್ದರೂ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಪೈನ್ ಕೊಂಬೆ ಹಟಮಾರಿ, ಒಂದು ಸಲ ಕಟ್ಟಿ ಬಿಚ್ಚಿದರೆ ಹಿಂದಕ್ಕೆ ಸರಿಯುತ್ತದೆ. ಎರಡು ಮೂರು ಸಲ ಹೊಸದಾಗಿ ಕಟ್ಟಬೇಕಾಗುತ್ತದೆ. ವಸಂತದಲ್ಲಿ ತಂತಿ ಸಡಿಲವಾಗಿ ಕಂಡಿತೆಂದು ಮೈಮರೆಯಬೇಡಿ, ಪೈನ್ ಕೊಂಬೆ ಹೆಚ್ಚು ದಪ್ಪವಾಗುವುದು ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ. ಆ ಅವಧಿಯಲ್ಲಿ ವಾರಕ್ಕೊಮ್ಮೆ ನೋಡಿ. ಕಚ್ಚಿದ್ದರೆ ತುಂಡರಿಸಿ ತೆಗೆಯಿರಿ, ಬಿಚ್ಚಿ ಸುತ್ತಲು ಹೋದರೆ ತೊಗಟೆ ಹರಿಯುತ್ತದೆ.

ಗೊಬ್ಬರ: ಆಕಾರ ಕಟ್ಟುವ ಮೊದಲ ಐದಾರು ವರ್ಷ ವಸಂತದಿಂದ ಶರತ್ಕಾಲದವರೆಗೂ ಧಾರಾಳವಾಗಿ. ಕೊಂಬೆ ಕವಲೊಡೆದು ನವಿರಾದ ಮೇಲೆ ವಸಂತದಲ್ಲಿ ನಿಲ್ಲಿಸಿ, ಸೂಜಿ ಬಲಿತ ನಂತರ ಮಾತ್ರ ಕೊಡಿ. ಶರತ್ಕಾಲದಲ್ಲಿ ಬಲವಾದ ತುದಿಗೆ ಐದಾರು ಜೋಡಿ ಉಳಿಸಿ ಹಳೆ ಸೂಜಿ ಕೀಳುವುದೂ ಆ ಹಂತಕ್ಕೇ ಸೇರಿದ್ದು.

ಬೇರುಬುಡ

ಇನ್ನೆರಡು ಮಾತು. ಶರತ್ಕಾಲದಲ್ಲಿ ಒಳಗಿನ ಹಳೆಯ ಸೂಜಿ ಹಳದಿಯಾಗಿ ಉದುರುವುದು ಸಹಜ. ಸೂಜಿಯ ನಡುವೆ ಕೆಂಪು ಪಟ್ಟೆ ಬಂದು ಅಲ್ಲಿಂದ ತುದಿಯವರೆಗೆ ಕಂದಾದರೆ ಡೋಥಿಸ್ಟ್ರೋಮಾ ಶಿಲೀಂಧ್ರದ ಶಂಕೆ ಇರಲಿ. ಉದುರಿದ್ದನ್ನು ಆಯ್ದು ದೂರ ಹಾಕಿ, ನೀರನ್ನು ಬುಡಕ್ಕೆ ಮಾತ್ರ ಕೊಡಿ, ಕ್ಯಾಂಡಲ್ ಉದ್ದವಾಗುವ ಹೊತ್ತಿಗೆ ತಾಮ್ರದ ಶಿಲೀಂಧ್ರನಾಶಕ ಸಿಂಪಡಿಸಿ.

ಗಿಡ ವರ್ಷವಿಡೀ ಹೊರಗೇ, ಪೂರ್ತಿ ಬಿಸಿಲಲ್ಲಿ ಇರಬೇಕು. ಆಲ್ಪ್ಸ್, ಕಾರ್ಪೇಥಿಯನ್ ಬೆಟ್ಟಗಳ ಗಿಡಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ಚಳಿ ಇಲ್ಲದ ಕಡೆ ಮೊಗ್ಗು ಅಲ್ಲೊಂದು ಇಲ್ಲೊಂದು ಬಿಚ್ಚಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಕಡು ಚಳಿ ಇರುವಲ್ಲಿ ಸೂಜಿಗೆ ಏನೂ ಆಗದು, ಕುಂಡದೊಳಗಿನ ಬೇರಿಗೆ ಮಾತ್ರ ರಕ್ಷಣೆ ಬೇಕು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಸುತ್ತ ತೊಗಟೆ ಚೂರು ತುಂಬಿ, ಒಣಗಾಳಿಗೆ ಅಡ್ಡ ಮಾಡಿ, ಮಣ್ಣು ಹೆಪ್ಪುಗಟ್ಟದ ದಿನಗಳಲ್ಲಿ ತೇವ ಇದೆಯೇ ನೋಡುತ್ತಿರಿ.