ಗೇಮಿಂಗ್ ಲ್ಯಾಪ್‌ಟಾಪ್ ದಿನವಿಡೀ ಓಡಿದರೆ ಬಾಳಿಕೆ ಬರುತ್ತದೆಯೇ?

ಪ್ರಶ್ನೆ: ನಾನಿರುವುದು ಕಲಬುರಗಿಯಲ್ಲಿ. ಹಗಲು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರಿಂಗ್ (ದೃಶ್ಯಗಳನ್ನು ಅಂತಿಮ ಚಿತ್ರವಾಗಿಸುವುದು), ರಾತ್ರಿ ಆಟ. ಲ್ಯಾಪ್‌ಟಾಪ್ ಸದಾ ಚಾರ್ಜರ್‌ಗೆ ಅಂಟಿಕೊಂಡೇ ಇರುತ್ತದೆ, ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತದೆ. ಬೇಗ ಕೆಡುತ್ತದೆಯೇ? ಆಗಾಗ ಚಾರ್ಜರ್ ತೆಗೆಯಬೇಕೇ? ಅನುಭವವಿದ್ದವರು ತಿಳಿಸಿ.

ಹುಬ್ಬಳ್ಳಿಯ ರಿಪೇರಿ ಅಂಗಡಿಯಿಂದ: 95ಕ್ಕೆ ಹೆದರಬೇಡಿ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿಯ ಆಸುಪಾಸು. ಎಎಂಡಿಯಲ್ಲಿ ಮಾದರಿಗೆ ತಕ್ಕಂತೆ ಹೆಚ್ಚಾಗಿ 95ರಿಂದ 105. ಮಿತಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮಲ್ಲಿಗೆ ಸುಟ್ಟ ಪ್ರೊಸೆಸರ್ ಬರುವುದು ಅಪರೂಪ. ಬರುವುದೆಲ್ಲ ಉಬ್ಬಿದ ಬ್ಯಾಟರಿ, ಗರಗರ ಎನ್ನುವ ಫ್ಯಾನ್, ಧೂಳು ಕಟ್ಟಿದ ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೊರಹಾಕುವ ಲೋಹದ ಭಾಗ).

ಧೂಳು ಕಂಬಳಿಯಂತೆ ಕೂರುವ ಜಾಗ ಫ್ಯಾನಿಗೂ ಹೀಟ್‌ಸಿಂಕಿನ ತೆಳು ತಗಡುಗಳಿಗೂ ನಡುವೆ. ಹೊರಗಿನಿಂದ ಊದಿದರೆ ಅದು ಒಳಕ್ಕೇ ಸರಿಯುತ್ತದೆ. ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಕಳಚಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಗಾಳಿ ಹಾಯಿಸಬೇಕು. ಕೆಲವು ಮಾದರಿಗಳಲ್ಲಿ ಚಿಪ್‌ಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸಲು ಥರ್ಮಲ್ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಇರುತ್ತದೆ. ಅದು ವಿದ್ಯುತ್ ಹರಿಸುವ ವಸ್ತು, ಬೋರ್ಡಿನ ಮೇಲೆ ಹರಿದರೆ ಕಥೆ ಮುಗಿಯಿತು. ಅಂಥದ್ದಕ್ಕೆ ನೀವು ಕೈ ಹಾಕಬೇಡಿ.

ಬೆಂಗಳೂರಿನಿಂದ: ಚಾರ್ಜರ್ ತೆಗೆದು ಹಾಕುವ ವ್ಯಾಯಾಮ ಬೇಡ. ಲಿಥಿಯಂ ಅಯಾನ್ ಬ್ಯಾಟರಿಗೆ ಪೂರ್ತಿ ಚಾರ್ಜ್ ಮತ್ತು ಬಿಸಿ ಎರಡೂ ಕೂಡಿದಾಗ ಮುಪ್ಪು ಇನ್ನೂ ಬೇಗ. ಕಂಪನಿಯವರು ಕೊಟ್ಟ ತಂತ್ರಾಂಶದಲ್ಲಿ ಚಾರ್ಜಿಂಗ್ ಮಿತಿ ಹುಡುಕಿ. ಅಸೂಸ್, ಲೆನೊವೊ ಮುಂತಾದವುಗಳಲ್ಲಿ ಇದೆ. 80 ಪ್ರತಿಶತಕ್ಕೆ ನಿಲ್ಲಿಸಿ, ಮನೆಯಲ್ಲೇ ಬಳಸುವುದಾದರೆ 60 ಇನ್ನೂ ಒಳ್ಳೆಯದು. ಯುಎಸ್‌ಬಿ ಸಿ ಚಾರ್ಜರ್‌ನಲ್ಲಿ ಆಟವಾಡಬೇಡಿ: ಯಂತ್ರ 200 ವ್ಯಾಟ್ ಬೇಡುವಾಗ 100 ವ್ಯಾಟ್ ಕೊಟ್ಟರೆ ಉಳಿದದ್ದು ಬ್ಯಾಟರಿಯಿಂದಲೇ ಹೋಗುತ್ತದೆ. ಟಚ್‌ಪ್ಯಾಡ್ ಮೇಲಕ್ಕೆ ಎದ್ದಂತೆ ಕಂಡರೆ ಬ್ಯಾಟರಿ ಉಬ್ಬಿದೆ ಎಂದೇ ತಿಳಿದು ಬಳಕೆ ನಿಲ್ಲಿಸಿ.

ಮಂಗಳೂರಿನಿಂದ: ಖರ್ಚಿಲ್ಲದ ಉಪಾಯ ಮೊದಲು. ಆಟದ ಫ್ರೇಮ್ ದರವನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಕಟ್ಟಿಹಾಕಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 99 ಪ್ರತಿಶತಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಬಿಸಿ ತಟ್ಟನೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬೆರಳು ಎತ್ತರಿಸಿ. ಕೂಲಿಂಗ್ ಪ್ಯಾಡ್ ಕೊಂಡಿದ್ದೆ. ಸದ್ದು ಬಂತು, ತಂಪು ಬರಲಿಲ್ಲ.

ಹುಬ್ಬಳ್ಳಿಯವರು: ಪ್ಯಾಡ್ ಎಲ್ಲವೂ ವ್ಯರ್ಥವಲ್ಲ ಸರ್. ಅದರ ಫ್ಯಾನ್ ನಿಮ್ಮ ಲ್ಯಾಪ್‌ಟಾಪಿನ ಗಾಳಿಕಿಂಡಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ತಗಡಿಗೆ ಗಾಳಿ ಬೀಸಿದಂತೆ.

ಪ್ರಶ್ನೆ ಕೇಳಿದವರು: ಟರ್ಬೊ ನಿಲ್ಲಿಸಿದರೆ ರೆಂಡರಿಂಗ್ ನಿಧಾನವಾಗುವುದಿಲ್ಲವೇ?

ಬೆಂಗಳೂರಿನಿಂದ: ಬ್ಲೆಂಡರ್‌ನ ರೆಂಡರಿಂಗ್ ಎಂಜಿನ್ ಸೈಕಲ್ಸ್‌ನಲ್ಲಿ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದ್ದರೆ ವ್ಯತ್ಯಾಸ ಅಲ್ಪ. ಪ್ರೊಸೆಸರ್‌ನಲ್ಲೇ ಮಾಡುತ್ತಿದ್ದರೆ ನಿಧಾನವಾಗುವುದು ಖಂಡಿತ.

ರಾಯಚೂರಿನಿಂದ: ನಮ್ಮ ಕಡೆಯ ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೋಣೆಯ ಗಾಳಿ 10 ಡಿಗ್ರಿ ಏರಿದರೆ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೇ ತಿಂಗಳಲ್ಲಿ ಭಾರದ ರೆಂಡರಿಂಗ್ ನಸುಕಿಗೆ ಇಟ್ಟುಕೊಳ್ಳಿ. ನೀರಿನ ಏರ್ ಕೂಲರ್ ಎದುರಿಗೇ ಲ್ಯಾಪ್‌ಟಾಪ್ ಇಡಬೇಡಿ, ತೇವದ ಹನಿ ಒಳಹೋಗುತ್ತದೆ. ಚಾರ್ಜರ್‌ನ ಅಡಾಪ್ಟರ್ ಕೂಡ ಬಿಸಿಯಾಗುತ್ತದೆ. ಹಾಸಿಗೆಯ ಮೇಲಿದ್ದರೆ ಕೆಳಗಿಳಿಸಿ.