ಹೊರಗಿನಿಂದ ಚಿಲಕ ಹಾಕಿದರೆ ಮಗನನ್ನು ಕರೆದುಕೊಂಡು ಹೋಗ್ತಾರಾ?

ಸಕಲೇಶಪುರದ ಅಮ್ಮ: ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಬರುವುದಿಲ್ಲ. ಬಾಗಿಲು ತೆರೆದಿದ್ದರೆ ಕಾಫಿ ತೋಟಕ್ಕೆ ಓಡುತ್ತಾನೆ. ನಮ್ಮ ಕಡೆ ಆನೆ ಕಾಟ ಎಷ್ಟು ಅಂತ ನಿಮಗೆ ಗೊತ್ತು. ಅದಕ್ಕೇ ಹಾಲು ತರಲು ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತೇನೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಾರೆ. ಹೋದ ವಾರ ಇಬ್ಬರು ಬಂದರು. ಅವನ ಕೈ ಮೇಲಿನ ಗಾಯ ನೋಡಿ, ಯಾರು ಹೊಡೆದದ್ದು ಅಂದರು. ಸಿಟ್ಟು ಬಂದರೆ ಅವನೇ ಕಚ್ಚಿಕೊಳ್ಳುತ್ತಾನೆ. ಹೇಳಿದ್ದನ್ನೆಲ್ಲ ಬರೆದುಕೊಂಡರು, ನಂಬಿದ ಹಾಗೆ ಕಾಣಲಿಲ್ಲ. ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಅರಸೀಕೆರೆ ಟೀಚರ್: ಅಕ್ಕ, ಧೈರ್ಯವಾಗಿರಿ. ನಾನು ವಿಶೇಷ ಮಕ್ಕಳಿಗೆ ಪಾಠ ಮಾಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 9ನೇ ಸೆಕ್ಷನ್ ನಿಮ್ಮ ಪರ ಇದೆ. ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡುವ ಹಾಗಿಲ್ಲ. ಮಾಡಲೇಬೇಕೆಂದರೆ ಕೋರ್ಟ್ ಆದೇಶ ಬೇಕು, ಅದೂ ಮಗುವಿನ ಒಳಿತಿಗಾದರೆ ಮಾತ್ರ.

ಬೇಲೂರಿನ ಅಪ್ಪ: ಅಂಗವೈಕಲ್ಯ ಅಂತ ಯಾರು ಬರೆಯುತ್ತಾರೆ ಮೇಡಂ? ಅಪ್ಪ ಅಮ್ಮ ನೋಡಿಕೊಳ್ಳುತ್ತಿಲ್ಲ ಅಂತ ಬರೆಯುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ. ಹಗಲು ಅವಳನ್ನು ಬಿಟ್ಟು ಹೋಗಲು ನಮ್ಮೂರಲ್ಲಿ ಒಂದು ಜಾಗ ಇಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಫೋನ್ ಮಾಡಿದವರು ಒಂದು ಗಂಟೆ ಆ ಮಗುವಿನ ಜೊತೆ ಕೂತಿದ್ದಾರಾ?

ಚನ್ನರಾಯಪಟ್ಟಣದವಳು: ನಾನು ಫೋನ್ ಮಾಡಿದವರ ಪರ. ನನಗೆ ಪೋಲಿಯೊ. ಚಿಕ್ಕವಳಿದ್ದಾಗ ನಂಟರು ಬಂದರೆ ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತಿದ್ದರು. ಮನೆಯಲ್ಲಿ ಪ್ರೀತಿಗೆ ಕಮ್ಮಿ ಇರಲಿಲ್ಲ. ಆದರೂ ಆ ಹುಡುಗಿ ಎಲ್ಲಿ ಅಂತ ಒಬ್ಬರಾದರೂ ಕೇಳಬೇಕಿತ್ತು. ಅಕ್ಕ, ನಿಮ್ಮದು ಹಾಗಲ್ಲ ಅಂತ ನಂಬುತ್ತೇನೆ. ಆದರೆ ಒಳಗೆ ಬೆಂಕಿ ಹತ್ತಿಕೊಂಡರೆ ಅವನು ಹೊರಗೆ ಬರುವುದು ಹೇಗೆ? ಕೂಗಲೂ ಬರುವುದಿಲ್ಲ ಅಂದಿರಲ್ಲ.

ಸಕಲೇಶಪುರದ ಅಮ್ಮ: ಬೆಂಕಿ ವಿಷಯ ನನಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ್ದು ಸರಿ. ಬಂದವರು ಅದನ್ನೇ ಹೇಳಿ ಒಂದು ದಾರಿ ತೋರಿಸಬಹುದಿತ್ತು, ಅಲ್ವಾ?

ಅರಸೀಕೆರೆ ಟೀಚರ್: ಖಂಡಿತ. ಇಂಥ ಮಕ್ಕಳ ವಿಷಯ ತೀರ್ಮಾನಿಸುವುದು ಹಾಸನದಲ್ಲಿರುವ ಮಕ್ಕಳ ಕಲ್ಯಾಣ ಸಮಿತಿ. ಅಲ್ಲಿಂದ ಕರೆ ಬಂದರೆ ಹೋಗಿ. ತಪ್ಪಿಸಿಕೊಂಡರೆ ಸುಮ್ನೆ ಅನುಮಾನ ಜಾಸ್ತಿ ಆಗುತ್ತದೆ. ಅವನ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಜೊತೆಗಿರಲಿ. ಅವನೇ ಕಚ್ಚಿಕೊಳ್ಳುತ್ತಾನೆ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕರೆದುಕೊಂಡು ಹೋಗಿ. ಹಗಲು ನೋಡಿಕೊಳ್ಳುವ ವ್ಯವಸ್ಥೆ ಬೇಕು ಅಂತ ನೀವೇ ಒಂದು ಅರ್ಜಿ ಕೊಡಿ.

ಬೇಲೂರಿನ ಅಪ್ಪ: ಹಾಸನಕ್ಕೆ ಯಾವತ್ತು ಹೋಗುತ್ತೀರಿ ಹೇಳಿ ಅಕ್ಕ. ನಾನೂ ಬರುತ್ತೇನೆ. ನನ್ನದೂ ಒಂದು ಅರ್ಜಿ ಕೊಡುವುದಿದೆ.