ಸಹಾಯ ಬೇಕು: ದುಬೈ ಫ್ಲಾಟ್ ವ್ಯವಹಾರಕ್ಕೆ ಫೆಮಾ ಬಲ್ಲ ಸಿಎ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ಅಣ್ಣತಮ್ಮಂದಿರು ದುಬೈನಲ್ಲಿ ಫ್ಲಾಟ್ ಕೊಂಡು ಬಾಡಿಗೆಗೆ ಬಿಡಬೇಕೆಂದಿದ್ದಾರೆ. ಶಿವಮೊಗ್ಗದಲ್ಲಿ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಕೆಲಸ ಮಾಡಿ ಪಳಗಿದ ಸಿಎ ಇದ್ದರೆ ದಯವಿಟ್ಟು ತಿಳಿಸಿ.

ಎಲ್‌ಆರ್‌ಎಸ್‌ನಲ್ಲಿ (ಇಲ್ಲಿನವರು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ತಲೆಗೆ ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಹಾಕಿ ಹೊಂದಿಸಿಕೊಳ್ಳುವ ತನಕ ಅಷ್ಟು ದುಡ್ಡು ಕೈಗಿಲ್ಲ. ಅಲ್ಲಿ ನೋಂದಣಿಗೆ ಫ್ಲಾಟ್ ಬೆಲೆಯ 4% ಬೇರೆ.

ತೊಡಕಿರುವುದು ಕಂಪನಿ ವಿಚಾರದಲ್ಲಿ. ಅಲ್ಲೇ ಕಂಪನಿ ತೆರೆದು ಫ್ಲಾಟ್ ಕೊಂಡು ಮಾರಿ ಎಂದು ಏಜೆಂಟ್ ಒತ್ತಾಯಿಸುತ್ತಿದ್ದಾನೆ. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಬರೀ ಕೊಂಡು ಮಾರುವ ರಿಯಲ್ ಎಸ್ಟೇಟ್ ಕಂಪನಿಗೆ ಇಲ್ಲಿಂದ ಹಣ ಹಾಕುವಂತಿಲ್ಲ. ಕಟ್ಟಿ ಮಾರುವುದು, ಕಟ್ಟಿ ಬಾಡಿಗೆಗೆ ಕೊಡುವುದು ಬೇರೆ ಮಾತು. ಹಾಗಾದರೆ ತಯಾರಾದ ಫ್ಲಾಟ್ ಕೊಂಡು ಬಾಡಿಗೆಗೆ ಮಾತ್ರ ಬಿಡುವ ಕಂಪನಿಯನ್ನು ಬ್ಯಾಂಕಿನವರು ಯಾವ ಲೆಕ್ಕಕ್ಕೆ ಹಾಕುತ್ತಾರೆ? ಹಣದ ಮೂಲಕ್ಕೆ ಮಂಡಿ ಬಿಲ್ಲು, ಪಹಣಿ ಸಾಕೇ? ಬುಕಿಂಗ್ ಹಣ ಕಟ್ಟುವ ಮೊದಲೇ ಇದು ಗೊತ್ತಾಗಬೇಕು.